ಹೇಳದೆ ಇದ್ದರೆ ಸುಳ್ಳು ಹೇಳಿದಂತೆಯೇ?

ಪ್ರಶ್ನೆ: ನನಗೆ 29 ವರ್ಷ. ನಾನು ಗೇ ಎಂಬುದು ಹದಿನಾರನೇ ವಯಸ್ಸಿನಿಂದಲೇ ನನಗೆ ಗೊತ್ತು. ಕೆಲಸದಲ್ಲಿದ್ದೇನೆ, ಅಪ್ಪ ಅಮ್ಮನ ಜೊತೆಗಿದ್ದೇನೆ. ಎರಡು ವರ್ಷದ ಹಿಂದೆ ಅಕ್ಕನಿಗೊಬ್ಬಳಿಗೆ ಹೇಳಿ, ‘ಯಾರಿಗೂ ಹೇಳಬೇಡ’ ಅಂದಿದ್ದೆ. ಅವಳು ಭಾವನಿಗೆ ಹೇಳಿದ್ದಾಳೆಂದು ಈಚೆಗೆ ತಿಳಿಯಿತು. ಹತ್ತು ವರ್ಷದ ಗೆಳೆಯನೊಬ್ಬ ಪದೇ ಪದೇ ಕೇಳಿದಾಗ ತಡೆಯಲಾರದೆ, ಬೇರೆ ಊರಿನಲ್ಲಿ ಒಬ್ಬಳು ಹುಡುಗಿ ಇದ್ದಾಳೆ ಅಂದುಬಿಟ್ಟೆ. ಈಗ ಆ ಹುಡುಗಿಗೆ ಹೆಸರು, ಕೆಲಸ, ಅಣ್ಣ ತಮ್ಮ ಎಲ್ಲ ಹುಟ್ಟಿಕೊಂಡಿದ್ದಾರೆ. ಆಫೀಸಿನಲ್ಲಿ ಯಾರಿಗೂ ಏನೂ ಗೊತ್ತಿಲ್ಲ. ನಾನೊಬ್ಬ ಮೋಸಗಾರ ಅನ್ನಿಸುತ್ತಿದೆ. ಪ್ರಾಮಾಣಿಕನಾಗಿರಬೇಕಾದರೆ ಎಲ್ಲರಿಗೂ ಹೇಳಲೇಬೇಕೆ?

ಉತ್ತರ: ಎಲ್ಲರಿಗೂ ಹೇಳಬೇಕಾಗಿಲ್ಲ. ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಒಂದೇ ಗಂಟಿನಲ್ಲಿ ಸಿಕ್ಕಿಕೊಂಡಿವೆ. ಆಫೀಸಿನಲ್ಲಿ ನೀವು ಸುಮ್ಮನಿದ್ದೀರಿ, ಗೆಳೆಯನಿಗೆ ಇಲ್ಲದ ಹುಡುಗಿಯ ಕಥೆ ಕಟ್ಟಿದ್ದೀರಿ, ಅಕ್ಕ ನಿಮ್ಮ ಮಾತನ್ನು ಇನ್ನೊಬ್ಬರಿಗೆ ದಾಟಿಸಿದ್ದಾಳೆ. ಮೊದಲನೆಯದು ಖಾಸಗಿತನ. ಎರಡನೆಯದು ಸುಳ್ಳು. ಮೂರನೆಯದು ನಿಮಗಾದ ಅನ್ಯಾಯ. ಮೂರಕ್ಕೂ ಸೇರಿಸಿ ‘ಮೋಸಗಾರ’ ಎಂಬ ಒಂದೇ ಹಣೆಪಟ್ಟಿ ಹಚ್ಚಿಕೊಂಡಿದ್ದರಿಂದ ಎಲ್ಲಿಂದ ಬಿಡಿಸಬೇಕೆಂದು ನಿಮಗೆ ತೋಚುತ್ತಿಲ್ಲ.

ಒಂದು ವಿಷಯವನ್ನು ಹೇಳದೆ ಇರುವುದು ಮೋಸವಾಗುವುದು ಯಾವಾಗ? ಅದು ಗೊತ್ತಿಲ್ಲದ ಕಾರಣಕ್ಕೆ ಎದುರಿನವರು ತಮ್ಮ ಬದುಕಿನ ಬಗ್ಗೆ ತಪ್ಪು ತೀರ್ಮಾನಕ್ಕೆ ಬರುವಂತಾದಾಗ. ಈ ಅಳತೆಗೋಲು ಹಿಡಿದು ಒಬ್ಬೊಬ್ಬರನ್ನೇ ನೋಡಿ. ಪಕ್ಕದ ಮೇಜಿನ ಸಹೋದ್ಯೋಗಿಗೆ ನಿಮ್ಮ ಒಲವು ತಿಳಿಯದೆ ಆಗುವ ನಷ್ಟ ಏನೂ ಇಲ್ಲ. ಅವರಿಗೆ ನೀವು ಏನೂ ಬಾಕಿ ಉಳಿಸಿಕೊಂಡಿಲ್ಲ. ನಿಮ್ಮನ್ನು ಮದುವೆಯಾಗಲು ಒಪ್ಪುವ ಹೆಣ್ಣಿಗಾದರೋ ಇಡೀ ಬದುಕೇ ಈ ಒಂದು ಸಂಗತಿಯ ಮೇಲೆ ನಿಂತಿರುತ್ತದೆ. ಅವಳಿಗೆ ಹೇಳದೆ ಮದುವೆಯಾದರೆ ಅದು ಖಂಡಿತ ಮೋಸ. ಆ ವಿಷಯದಲ್ಲಿ ರಿಯಾಯಿತಿಗೆ ಜಾಗವೇ ಇಲ್ಲ. ‘ಮದುವೆಯಾದ ಮೇಲೆ ಸರಿಹೋಗುತ್ತದೆ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸರಿಹೋಗುವುದಕ್ಕೆ ಅದು ಕಾಯಿಲೆಯಲ್ಲ. ಅಮೆರಿಕದ ಮನೋವೈದ್ಯರ ಸಂಘ 1973ರಲ್ಲೇ ಸಲಿಂಗಾಕರ್ಷಣೆಯನ್ನು ಮಾನಸಿಕ ರೋಗಗಳ ಪಟ್ಟಿಯಿಂದ ತೆಗೆದುಹಾಕಿತು. ವಿಶ್ವ ಆರೋಗ್ಯ ಸಂಸ್ಥೆ 1990ರ ಮೇ 17ರಂದು ಅದೇ ತೀರ್ಮಾನಕ್ಕೆ ಬಂತು.

ಉಳಿದವರೆಲ್ಲ ಈ ಎರಡು ತುದಿಗಳ ನಡುವೆ ಬರುತ್ತಾರೆ. ಅಲ್ಲಿ ಹೇಳುವುದೂ ಬಿಡುವುದೂ ನಿಮ್ಮ ಇಷ್ಟ. 2006ರಲ್ಲಿ ಇಂಡೋನೇಷ್ಯಾದ ಯೋಗ್ಯಕರ್ತದಲ್ಲಿ ಮಾನವ ಹಕ್ಕುಗಳ ತಜ್ಞರು ಸೇರಿ ರೂಪಿಸಿದ ಯೋಗ್ಯಕರ್ತ ತತ್ವಗಳಲ್ಲಿ ಆರನೆಯದು ಖಾಸಗಿತನದ ಹಕ್ಕನ್ನು ಕುರಿತದ್ದು. ಲೈಂಗಿಕ ಒಲವನ್ನು ಹೇಳಿಕೊಳ್ಳುವ ಮತ್ತು ಹೇಳದೆ ಇರುವ ಆಯ್ಕೆ ಎರಡೂ ಆ ಹಕ್ಕಿನೊಳಗೇ ಬರುತ್ತವೆ ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಯುರೋಪಿನ ದತ್ತಾಂಶ ಸಂರಕ್ಷಣಾ ಕಾನೂನು ಕೂಡ ಲೈಂಗಿಕ ಒಲವಿನ ಮಾಹಿತಿಯನ್ನು ಆರೋಗ್ಯ, ಧರ್ಮ, ರಾಜಕೀಯ ನಿಲುವುಗಳ ಜೊತೆಗೆ ವಿಶೇಷ ರಕ್ಷಣೆ ಬೇಕಾದ ವರ್ಗದಲ್ಲಿ ಇಟ್ಟಿದೆ. ಅಂದರೆ ನೀವು ಆಫೀಸಿನಲ್ಲಿ ಬಾಯಿ ಬಿಡದೆ ಇರುವುದು ಹೇಡಿತನ ಎಂದು ಯಾರೂ ನಿಮಗೆ ಪಾಠ ಹೇಳಬೇಕಾಗಿಲ್ಲ. ಹೊರಗೆ ಬನ್ನಿ, ಬನ್ನಿ ಎಂದು ಹಿಂದಿನಿಂದ ತಳ್ಳುವವರು ಒಳ್ಳೆಯ ಮನಸ್ಸಿನವರೇ ಇರಬಹುದು. ಆದರೆ ಬಿದ್ದರೆ ಪೆಟ್ಟಾಗುವುದು ನಿಮಗೆ.

ಹಾಗಾದರೆ ಮನಸ್ಸು ಯಾಕೆ ಇಷ್ಟು ಭಾರವಾಗಿದೆ? ಮನಶ್ಶಾಸ್ತ್ರಜ್ಞ ಮೈಕಲ್ ಸ್ಲೆಪಿಯನ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನಗಳು ಇದಕ್ಕೆ ಒಂದು ಉತ್ತರ ಕೊಡುತ್ತವೆ. ಗುಟ್ಟು ಇಟ್ಟುಕೊಂಡವರು ಇನ್ನೊಬ್ಬರ ಎದುರು ಅದನ್ನು ಅಡಗಿಸಬೇಕಾಗಿ ಬರುವ ಸಂದರ್ಭಗಳು ಕಡಿಮೆ. ಒಬ್ಬರೇ ಕೂತಾಗ ಮನಸ್ಸು ಮತ್ತೆ ಮತ್ತೆ ಅದರ ಕಡೆಗೇ ಹರಿಯುವುದೇ ಹೆಚ್ಚು, ನೆಮ್ಮದಿ ಕೆಡಿಸುವುದೂ ಅದೇ. ನಿಮ್ಮ ವಿಷಯದಲ್ಲಿ ಆ ಹುಡುಗಿಯ ಕಥೆ ಇದನ್ನು ದುಪ್ಪಟ್ಟು ಮಾಡಿದೆ. ಸುಮ್ಮನಿರುವುದಕ್ಕೆ ನೆನಪಿನ ಶಕ್ತಿ ಬೇಕಿಲ್ಲ. ಕಟ್ಟಿದ ಕಥೆಗೆ ಬೇಕು: ಅವಳ ಅಣ್ಣ ಎಲ್ಲಿದ್ದಾನೆ ಅಂದಿದ್ದೆ, ಹೋದ ತಿಂಗಳು ಯಾಕೆ ಭೇಟಿಯಾಗಲಿಲ್ಲ ಅಂದಿದ್ದೆ, ಎಲ್ಲವನ್ನೂ ಲೆಕ್ಕ ಇಟ್ಟುಕೊಳ್ಳಬೇಕು.

ಇನ್ನೊಂದು ಅಧ್ಯಯನವನ್ನೂ ಹೇಳಬೇಕು. ನಿಕೋಲ್ ಲೆಗೇಟ್, ರಿಚರ್ಡ್ ರಯನ್, ನೆಟ್ಟಾ ವೈನ್‌ಸ್ಟೀನ್ 2012ರಲ್ಲಿ ಪರೀಕ್ಷಿಸಿದ್ದು, ಹೇಳಿಕೊಳ್ಳುವುದರಿಂದ ಯಾವಾಗಲೂ ಒಳ್ಳೆಯದಾಗುತ್ತದೆಯೇ ಎಂಬುದನ್ನೇ. ತಮ್ಮನ್ನು ತಾವಿರುವಂತೆ ಇರಲು ಬಿಡುವ ಜನರ ನಡುವೆ ಹೇಳಿಕೊಂಡವರು ಹೆಚ್ಚು ನೆಮ್ಮದಿಯಾಗಿದ್ದರು. ಹಿಡಿತದಲ್ಲಿಟ್ಟುಕೊಳ್ಳುವ, ತೀರ್ಪು ಕೊಡುವ ಜನರ ನಡುವೆ ಹೇಳಿಕೊಂಡವರಿಗೆ ಆ ಪ್ರಯೋಜನ ಕಾಣಲಿಲ್ಲ. ಆದ್ದರಿಂದ ‘ಹೇಳಲೇ ಬೇಡವೇ’ ಎಂಬ ಒಂದೇ ಪ್ರಶ್ನೆ ಇಟ್ಟುಕೊಂಡು ಒದ್ದಾಡಬೇಡಿ. ಇವರಿಗೆ ಹೇಳಲೇ, ಈಗ ಹೇಳಲೇ ಎಂದು ಒಬ್ಬೊಬ್ಬರನ್ನೂ ಬೇರೆಯಾಗಿ ತೂಗಿ.

ಸುಳ್ಳು ಹೇಳದೆ ಸುಮ್ಮನಿರುವುದು ಹೇಗೆ ಎಂಬುದು ಕಲಿಯಬೇಕಾದ ಕೆಲಸ. ಇದರಲ್ಲಿ ನಮ್ಮ ಭಾಷೆ ನಿಮಗೆ ನೆರವಾಗಿದೆ. ‘ಅವನು’, ‘ಅವಳು’ ಎಂದು ಗುರುತು ಬಿಟ್ಟುಕೊಡುವ ಮಾತುಗಳ ಪಕ್ಕದಲ್ಲೇ ‘ಅವರು’ ಇದೆ. ‘ನನಗೆ ಬೇಕಾದವರೊಬ್ಬರು ಇದ್ದಾರೆ, ಅವರ ಬಗ್ಗೆ ಈಗ ಮಾತಾಡಲ್ಲ’ ಅಂದರೆ ಅದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ಅದೇ ಜಾಗದಲ್ಲಿ ‘ಅವಳು’ ಅಂದಿರೋ, ಆ ಕ್ಷಣದಿಂದ ಒಂದು ಪಾತ್ರವನ್ನು ಸಾಕುವ ಹೊರೆ ಹೆಗಲಿಗೆ ಬೀಳುತ್ತದೆ. ಮೌನ ಮತ್ತು ಸುಳ್ಳಿನ ನಡುವಿನ ಗೆರೆ ಇಷ್ಟು ಸಣ್ಣ ಜಾಗದಲ್ಲಿ ಹಾದುಹೋಗುತ್ತದೆ.

ಯಾರಾದರೂ ನೇರವಾಗಿ ‘ನೀನು ಗೇನಾ?’ ಎಂದು ಕೇಳಿದರೆ? ‘ನನ್ನ ಖಾಸಗಿ ವಿಷಯ ನಾನು ಆಫೀಸಿನಲ್ಲಿ ಮಾತಾಡಲ್ಲ’ ಎಂಬ ಉತ್ತರ ಸಾಕು. ಆದರೆ ಅದು ಕೆಲಸ ಮಾಡಬೇಕಾದರೆ ಎಲ್ಲ ಖಾಸಗಿ ಪ್ರಶ್ನೆಗೂ ಅದೇ ಉತ್ತರವಾಗಿರಬೇಕು. ಮಿಕ್ಕಿದ್ದಕ್ಕೆಲ್ಲ ನಗುನಗುತ್ತಾ ಉತ್ತರಿಸಿ ಇದೊಂದಕ್ಕೆ ಮುಖ ಬಿಗಿದರೆ ಮೌನವೇ ಹೌದು ಎಂದು ಹೇಳಿಬಿಡುತ್ತದೆ. ಕೇಳುವವರು ಪೆಟ್ಟು ಕೊಡುವಂಥವರು, ಕೆಲಸ ಕಳೆಯುವಂಥವರು ಎಂದು ಖಚಿತವಿದ್ದರೆ ‘ಅಲ್ಲ’ ಎಂದುಬಿಡಿ. ಅಪಾಯದಲ್ಲಿರುವವರು ತಮ್ಮನ್ನು ಕಾಪಾಡಿಕೊಳ್ಳಲು ಹೇಳಿದ ‘ಅಲ್ಲ’ವನ್ನು ಅಪ್ರಾಮಾಣಿಕತೆಯ ಲೆಕ್ಕಕ್ಕೆ ಸೇರಿಸುವುದು ಕ್ರೌರ್ಯ. ಸಲಿಂಗ ಸಂಬಂಧವನ್ನು ಇಂದಿಗೂ ಅಪರಾಧ ಎನ್ನುವ ದೇಶಗಳಿವೆ, ಮರಣದಂಡನೆ ವಿಧಿಸಬಲ್ಲ ದೇಶಗಳೂ ಇವೆ.

ಬಾಯಿ ಎಷ್ಟೇ ಮುಚ್ಚಿದ್ದರೂ ಫೋನು ಹೇಳಿಬಿಡುವುದುಂಟು. ಗುಟ್ಟು ಬಯಲಾಗುವುದು ಹೆಚ್ಚಾಗಿ ಯಾರೋ ಪತ್ತೇದಾರಿ ಮಾಡಿದ್ದರಿಂದಲ್ಲ. ಮೇಜಿನ ಮೇಲಿಟ್ಟ ಫೋನಿನ ಲಾಕ್ ಪರದೆಯಲ್ಲಿ ಮೆಸೇಜಿನ ಮೊದಲ ಸಾಲು ಮಿಂಚಿದ್ದರಿಂದ. ನೋಟಿಫಿಕೇಶನ್ ಸೆಟ್ಟಿಂಗ್‌ಗೆ ಹೋಗಿ ಮೆಸೇಜಿನ ಒಳಗಿನ ಮಾತು ಲಾಕ್ ಪರದೆಯಲ್ಲಿ ಕಾಣದಂತೆ ಮಾಡಿ. ಫೋಟೋಗಳು ಮನೆಯವರೆಲ್ಲ ಬಳಸುವ ಖಾತೆಗೆ ತಾವಾಗಿಯೇ ಏರುತ್ತಿವೆಯೇ, ಟೀವಿಯಲ್ಲೋ ಮನೆಯ ಲ್ಯಾಪ್‌ಟಾಪಿನಲ್ಲೋ ನಿಮ್ಮ ಖಾತೆ ತೆರೆದೇ ಉಳಿದಿದೆಯೇ ನೋಡಿ. ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿ ಆ ಸಾಧನದಲ್ಲಿ ಇತಿಹಾಸ ಉಳಿಸುವುದಿಲ್ಲ, ಅಷ್ಟೇ. ಆಫೀಸಿನ ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ನೀವು ಯಾವ ತಾಣಕ್ಕೆ ಹೋದಿರೆಂಬುದು ಕಾಣಬಹುದು. ಕಂಪನಿ ಕೊಟ್ಟ ಫೋನಿನಲ್ಲಂತೂ ಖಾಸಗಿ ಮಾತು ಬೇಡವೇ ಬೇಡ.

ಡೇಟಿಂಗ್ ಆ್ಯಪ್ ಬಳಸುವುದಾದರೆ ಅದಕ್ಕೆ ಬೇರೆಯೇ ಇಮೇಲ್ ಇಟ್ಟುಕೊಳ್ಳಿ, ಕಾಂಟ್ಯಾಕ್ಟ್ ಪಟ್ಟಿ ನೋಡಲು ಅನುಮತಿ ಕೊಡಬೇಡಿ. ಕೊಟ್ಟರೆ ಆ ಖಾತೆ ನಿಮ್ಮ ನಂಬರ್ ಇರುವ ನೆಂಟರಿಗೇ ‘ಇವರನ್ನು ನೀವು ಬಲ್ಲಿರಾ’ ಎಂದು ಕಾಣಿಸಿಕೊಳ್ಳಬಹುದು. ದೂರ ತೋರಿಸುವ ಸೌಲಭ್ಯವನ್ನು ಮುಚ್ಚಿಡಿ: ‘600 ಮೀಟರ್ ದೂರದಲ್ಲಿದ್ದಾರೆ’ ಎಂಬುದನ್ನು ಒಬ್ಬ ಮೂರು ಬೇರೆ ಬೇರೆ ಜಾಗಗಳಿಂದ ನೋಡಿ ಮೂರು ವೃತ್ತ ಎಳೆದರೆ, ಅವು ಕೂಡುವ ಕಡೆ ನಿಮ್ಮ ಮನೆ ಇರುತ್ತದೆ. ಬೇರೆಲ್ಲಾದರೂ ಹಾಕಿರುವ ಫೋಟೋವನ್ನು ಅಲ್ಲಿ ಹಾಕಬೇಡಿ. ಚಿತ್ರದಿಂದಲೇ ಹುಡುಕುವ ಸೌಲಭ್ಯ ನಿಮಿಷದಲ್ಲಿ ಎರಡನ್ನೂ ಜೋಡಿಸುತ್ತದೆ. ಕೊರಳಲ್ಲಿನ ಐಡಿ ಕಾರ್ಡು, ಹಿಂದಿನ ಕಿಟಕಿಯಿಂದ ಕಾಣುವ ಕಟ್ಟಡ, ಮೈಮೇಲಿನ ಹಚ್ಚೆ, ಇವಿಷ್ಟನ್ನು ಕಳಿಸುವ ಮುಂಚೆ ಒಮ್ಮೆ ನೋಡಿಕೊಳ್ಳಿ.

ಯಾರಾದರೂ ‘ಮನೆಗೆ ತಿಳಿಸುತ್ತೇನೆ, ದುಡ್ಡು ಕೊಡು’ ಎಂದು ಬೆದರಿಸಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ಕೊಟ್ಟವರ ಹತ್ತಿರ ಮತ್ತೆ ಕೇಳುತ್ತಾರೆ, ಯಾಕೆಂದರೆ ಇವರು ಕೊಡುತ್ತಾರೆ ಎಂದು ಗೊತ್ತಾಗಿರುತ್ತದೆ. ಮೊದಲು ಸ್ಕ್ರೀನ್‌ಶಾಟ್, ಖಾತೆಯ ಹೆಸರು, ನಂಬರ್, ದುಡ್ಡು ಹಾಕಲು ಕೊಟ್ಟ ವಿವರ ಎಲ್ಲವನ್ನೂ ಉಳಿಸಿಕೊಳ್ಳಿ, ಆಮೇಲೆ ಬ್ಲಾಕ್ ಮಾಡಿ, ನಂಬಿಕಸ್ಥರೊಬ್ಬರಿಗೆ ಅವತ್ತೇ ತಿಳಿಸಿ, ದೂರು ಕೊಡುವ ಬಗ್ಗೆ ವಕೀಲರನ್ನು ಕೇಳಿ. ಗಾಬರಿಯಲ್ಲಿ ಮೊದಲೇ ಬ್ಲಾಕ್ ಮಾಡಿ ಸಾಕ್ಷ್ಯವನ್ನೆಲ್ಲ ಕಳೆದುಕೊಳ್ಳುವುದು ಇಲ್ಲಿ ಪದೇ ಪದೇ ಆಗುವ ತಪ್ಪು.

ವೈದ್ಯರ ವಿಷಯ ಬೇರೆ. ಅವರಿಗೆ ಬೇಕಾಗಿರುವುದು ಹಣೆಪಟ್ಟಿಯಲ್ಲ, ನಡವಳಿಕೆ. ‘ನನಗೆ ಗಂಡಸರ ಜೊತೆ ದೈಹಿಕ ಸಂಪರ್ಕ ಇದೆ’ ಎಂಬ ಒಂದು ವಾಕ್ಯ ಹೇಳದಿದ್ದರೆ ಲೈಂಗಿಕ ಸೋಂಕಿಗೆ ಬರೀ ಮೂತ್ರ ಪರೀಕ್ಷೆ ಬರೆದು ಕಳಿಸಿಬಿಡಬಹುದು. ಗಂಟಲಿನಲ್ಲೋ ಗುದದ್ವಾರದಲ್ಲೋ ಇರುವ ಗೊನೊರಿಯಾ, ಕ್ಲಮೀಡಿಯಾ ಮೂತ್ರದಲ್ಲಿ ಸಿಗುವುದಿಲ್ಲ. ಆಯಾ ಜಾಗದಿಂದಲೇ ಸ್ವಾಬ್ ತೆಗೆಯಬೇಕು. ಹೆಪಟೈಟಿಸ್ ಎ, ಬಿ ಮತ್ತು ಎಚ್‌ಪಿವಿ ವೈರಸ್‌ಗಳ ವಿರುದ್ಧದ ಲಸಿಕೆ, ಎಚ್‌ಐವಿ ಬಾರದಂತೆ ತೆಗೆದುಕೊಳ್ಳುವ ಪ್ರೆಪ್ ಮಾತ್ರೆಯ ಮಾತು ಬರುವುದೂ ಆ ವಾಕ್ಯದ ನಂತರವೇ. ಹೇಳುವ ಮುಂಚೆ ‘ಇದನ್ನು ಫೈಲಿನಲ್ಲಿ ಬರೆಯುತ್ತೀರಾ, ಯಾರು ಯಾರು ನೋಡುತ್ತಾರೆ, ವರದಿ ಯಾವ ನಂಬರಿಗೆ ಬರುತ್ತದೆ’ ಎಂದು ಕೇಳಿ. ವಿಮೆ ಅಪ್ಪನ ಹೆಸರಿನಲ್ಲಿದ್ದರೆ ಬಿಲ್ಲಿನ ವಿವರ ಅವರ ಕೈಗೇ ಹೋಗಬಹುದು, ಅದನ್ನೂ ವಿಚಾರಿಸಿಕೊಳ್ಳಿ. ಆಪ್ತಸಮಾಲೋಚಕರನ್ನು ಕಾಣುವಾಗ ಮೊದಲ ಭೇಟಿಯಲ್ಲೇ ‘ಒಲವನ್ನು ಬದಲಾಯಿಸಬಹುದು ಎಂದು ನೀವು ನಂಬುತ್ತೀರಾ’ ಎಂದು ಕೇಳಿ. ಹೌದು ಎಂದರೆ, ಪ್ರಯತ್ನಿಸೋಣ ಎಂದರೆ, ಎದ್ದು ಬನ್ನಿ. ಅಂಥ ಚಿಕಿತ್ಸೆಗೆ ಆಧಾರವಿಲ್ಲ, ಹಾನಿ ಇದೆ. ಬದಲಾವಣೆ ಸಾಧ್ಯ ಎಂಬ ಅಧ್ಯಯನ ಮಾಡಿದ್ದ ಮನೋವೈದ್ಯ ರಾಬರ್ಟ್ ಸ್ಪಿಟ್ಜರ್ ಅವರೇ 2012ರಲ್ಲಿ ಅದು ತಪ್ಪೆಂದು ಒಪ್ಪಿ ಕ್ಷಮೆ ಕೇಳಿದರು.

ಈಗ ಅಕ್ಕನ ವಿಷಯ. ಅವಳು ಮಾಡಿದ್ದು ತಪ್ಪು, ಅದನ್ನು ಅವಳಿಗೆ ಹೇಳಬೇಕು. ಆದರೆ ಆ ತಪ್ಪು ಹೇಗಾಯಿತೆಂದು ನೋಡಿ. ನೀವು ‘ಯಾರಿಗೂ ಹೇಳಬೇಡ’ ಅಂದಿರಿ. ಮದುವೆಯಾದ ಎಷ್ಟೋ ಜನರ ಮನಸ್ಸಿನಲ್ಲಿ ‘ಯಾರಿಗೂ’ ಎಂಬ ಮಾತಿನೊಳಗೆ ಗಂಡನೋ ಹೆಂಡತಿಯೋ ಬರುವುದೇ ಇಲ್ಲ. ಗುಟ್ಟು ಕೊಡುವಾಗ ಹೆಸರು ಹಿಡಿದು ಗೆರೆ ಎಳೆಯಬೇಕು: ‘ಭಾವನಿಗೂ ಬೇಡ. ಅಮ್ಮ ಕೇಳಿದರೆ ನನ್ನನ್ನೇ ಕೇಳು ಅನ್ನು. ಯಾರಿಗಾದರೂ ಹೇಳಲೇಬೇಕು ಅನ್ನಿಸಿದರೆ ಮೊದಲು ನನಗೆ ಫೋನ್ ಮಾಡು.’ ಕೊನೆಯ ಮಾತು ಮುಖ್ಯ. ಕೇಳಿಸಿಕೊಂಡವರಿಗೂ ಆ ಗುಟ್ಟು ಭಾರವೇ, ಇಳಿಸಲು ಅವರಿಗೂ ಒಂದು ಜಾಗ ಬೇಕು. ಆ ಜಾಗ ನೀವೇ ಆದರೆ ಮಾತು ಹೊರಗೆ ಸೋರುವುದಿಲ್ಲ.

ಅಕ್ಕನ ಜೊತೆ ಕೂತು ಮೊದಲು ಲೆಕ್ಕ ತೆಗೆದುಕೊಳ್ಳಿ, ಬೇಸರ ಆಮೇಲೆ ತೋಡಿಕೊಳ್ಳಿ. ಭಾವನಿಗೆ ಏನೆಂದು ಹೇಳಿದಳು, ಯಾವಾಗ, ಬಾಯಲ್ಲೋ ಮೆಸೇಜಿನಲ್ಲೋ, ಭಾವ ಇನ್ಯಾರಿಗಾದರೂ ಹೇಳಿದ್ದಾರೋ. ಮೊದಲೇ ರೇಗಿದರೆ ಅವಳು ಹೆದರಿ ಅರ್ಧ ಮುಚ್ಚಿಡುತ್ತಾಳೆ, ನಿಮಗೆ ಬೇಕಾದ್ದು ಪೂರ್ತಿ ಪಟ್ಟಿ. ಮೆಸೇಜು ಇದ್ದರೆ ಇಬ್ಬರ ಫೋನಿನಿಂದಲೂ ಅಳಿಸಲು ಹೇಳಿ. ನಂತರ ಭಾವನ ಹತ್ತಿರ ನೀವೇ ಮಾತಾಡಿ, ಎರಡೇ ನಿಮಿಷ: ‘ನಿಮಗೆ ಗೊತ್ತಾಗಿದೆ ಅಂತ ತಿಳಿಯಿತು. ನಾನೇ ಹೇಳಬೇಕಾಗಿದ್ದ ವಿಷಯ. ಇದು ನಿಮ್ಮಲ್ಲೇ ಇರಲಿ.’ ನೇರವಾಗಿ ಕೇಳಿಕೊಂಡ ಮಾತಿಗೆ ಇರುವ ಬೆಲೆ ಹೆಂಡತಿಯ ಮೂಲಕ ಬಂದ ಮಾತಿಗೆ ಇರುವುದಿಲ್ಲ.

ಅಪ್ಪ ಅಮ್ಮನಿಗೆ ಹೇಳುವ ಪ್ರಶ್ನೆಯನ್ನು ನೀವು ಕೇಳಿಲ್ಲ. ಆದರೂ ಇಬ್ಬರಿಗೆ ಗೊತ್ತಾದ ಮಾತು ಮೂರನೆಯವರಿಗೆ ತಲುಪಬಹುದಾದ್ದರಿಂದ ತಯಾರಿ ಬೇಕು. ಮನೆಯಿಂದ ಹೊರಡಬೇಕಾಗಿ ಬಂದರೆ ಆ ರಾತ್ರಿ ಎಲ್ಲಿ ಮಲಗುತ್ತೀರಿ ಎಂಬುದು ಈಗಲೇ ಗೊತ್ತಿರಲಿ. ಗುರುತಿನ ಚೀಟಿ, ಅಂಕಪಟ್ಟಿ, ಬ್ಯಾಂಕಿನ ಕಾಗದಗಳು ನಿಮ್ಮ ಕೈಗೆ ಸಿಗುವ ಕಡೆ ಇರಲಿ. ಕೆಲವು ತಿಂಗಳ ಖರ್ಚು ನಿಮ್ಮೊಬ್ಬರ ಹೆಸರಿನ ಖಾತೆಯಲ್ಲಿರಲಿ. ಇಷ್ಟು ಆಗುವವರೆಗೆ ನೀವಾಗಿ ಆ ಮಾತು ತೆಗೆಯಬೇಡಿ, ತೆಗೆಯದೆ ಇದ್ದೀನಲ್ಲ ಎಂದು ಕೊರಗಲೂ ಬೇಡಿ.

ಗೆಳೆಯನಿಗೆ ಮಾತ್ರ ಹೇಳಬೇಕು ಎಂದು ನನ್ನ ಅಭಿಪ್ರಾಯ. ನಿಮ್ಮ ಒಲವನ್ನು ತಿಳಿಯುವ ಹಕ್ಕು ಅವನಿಗಿದೆ ಎಂದಲ್ಲ. ಇಲ್ಲದವಳೊಬ್ಬಳ ಬಗ್ಗೆ ಅವನು ಇಷ್ಟು ದಿನ ನಿಜವಾದ ಕಾಳಜಿ ಖರ್ಚು ಮಾಡುತ್ತಿದ್ದಾನೆ, ಅವಳ ಕ್ಷೇಮ ವಿಚಾರಿಸುತ್ತಿದ್ದಾನೆ. ಆ ಲೆಕ್ಕ ನಿಮ್ಮ ಮೇಲಿದೆ. ಹೇಳುವ ಮುಂಚೆ ಎರಡು ಪರೀಕ್ಷೆ ಮಾಡಿ. ಸುದ್ದಿಯಲ್ಲೋ ಸಿನಿಮಾದಲ್ಲೋ ಸಲಿಂಗಿಗಳ ವಿಷಯ ಬಂದಾಗ ಅವನ ಮಾತು ಹೇಗಿರುತ್ತದೆ ಗಮನಿಸಿ. ಅದಕ್ಕಿಂತ ಮುಖ್ಯವಾಗಿ, ಬೇರೆಯವರು ಅವನಿಗೆ ಹೇಳಿದ ಗುಟ್ಟು ನಿಮ್ಮ ಕಿವಿಗೆ ಎಷ್ಟು ಬಂದಿದೆ ನೆನಪಿಸಿಕೊಳ್ಳಿ. ಬೇರೆಯವರದ್ದನ್ನು ನಿಮಗೆ ಹೇಳಿದವನು ನಿಮ್ಮದನ್ನೂ ಬೇರೆಯವರಿಗೆ ಹೇಳುತ್ತಾನೆ. ಎರಡನೆಯ ಪರೀಕ್ಷೆಯಲ್ಲಿ ಅವನು ಸೋತರೆ ಹುಡುಗಿಯ ಕಥೆಯನ್ನಷ್ಟೇ ವಾಪಸ್ ತೆಗೆದುಕೊಳ್ಳಿ: ‘ಅಂಥ ಹುಡುಗಿ ಯಾರೂ ಇಲ್ಲ, ನೀನು ಕೇಳಿ ಕೇಳಿ ಸುಸ್ತಾಗಿ ಹೇಳಿದ್ದೆ, ತಪ್ಪಾಯಿತು. ನನ್ನ ಮದುವೆ ವಿಷಯ ಮಾತ್ರ ಇನ್ನು ಕೇಳಬೇಡ.’ ಅಷ್ಟರಲ್ಲೇ ಸುಳ್ಳು ಮುಗಿಯುತ್ತದೆ, ಖಾಸಗಿತನ ಉಳಿಯುತ್ತದೆ.

ಗೆದ್ದರೆ, ಎದುರುಬದುರು ಕೂತು ಹೇಳಿ. ಬರೆದ ಮೆಸೇಜು, ವಾಯ್ಸ್ ಮೆಸೇಜು ಎರಡೂ ಒಂದು ಬೆರಳು ಒತ್ತಿದರೆ ಬೇರೆಯವರಿಗೆ ಹೋಗುತ್ತವೆ. ಇಬ್ಬರಿಗೂ ಕನಿಷ್ಠ ಒಂದು ಗಂಟೆ ಬಿಡುವಿರುವ ಹೊತ್ತು ನೋಡಿ. ಕುಡಿದಿರುವಾಗ ಬೇಡ, ಜಗಳದ ನಡುವೆ ಬೇಡ, ಅವನ ಮನೆಯ ಸಂಭ್ರಮದ ದಿನ ಬೇಡ. ಚಲಿಸುವ ವಾಹನದಲ್ಲೂ ಬೇಡ. ಮಾತು ಕೆಟ್ಟರೆ ಇಬ್ಬರಿಗೂ ಎದ್ದುಹೋಗಲು ಜಾಗವಿರಬೇಕು. ಜೊತೆಯಾಗಿ ನಡೆಯುತ್ತಾ ಹೇಳುವುದು ಕೆಲವರಿಗೆ ಸುಲಭ, ಮುಖ ನೋಡಬೇಕಾಗಿಲ್ಲ.

ಮೊದಲ ವಾಕ್ಯವನ್ನು ಮನೆಯಲ್ಲೇ ಬಾಯಿಬಿಟ್ಟು ಹತ್ತು ಸಲ ಹೇಳಿ ಅಭ್ಯಾಸ ಮಾಡಿ. ಮನಸ್ಸಿನಲ್ಲಿ ಹೇಳಿಕೊಂಡದ್ದು ಗಂಟಲಿಗೆ ಬಂದಾಗ ಸಿಕ್ಕಿಕೊಳ್ಳುತ್ತದೆ. ವಾಕ್ಯ ಚಿಕ್ಕದಿರಲಿ: ‘ನಾನು ಗೇ. ನಿನಗೆ ಹೇಳಬೇಕು ಅನ್ನಿಸಿತು.’ ‘ಒಂದು ಕೆಟ್ಟ ಸುದ್ದಿ’, ‘ನೀನು ನನ್ನ ಮುಖ ನೋಡದಿದ್ದರೂ ಪರವಾಗಿಲ್ಲ’ ಎಂಬ ಪೀಠಿಕೆ ಹಾಕಬೇಡಿ. ಸಾವಿನ ಸುದ್ದಿಯೋ ಕಾಯಿಲೆಯೋ ಎಂದು ಅವನು ಬೆವರುತ್ತಾನೆ, ಮತ್ತು ಇದು ಕೆಟ್ಟದ್ದೆಂದು ನೀವೇ ಅವನಿಗೆ ಕಲಿಸಿದಂತಾಗುತ್ತದೆ. ಅದರ ಬೆನ್ನಿಗೇ ಸುಳ್ಳನ್ನೂ ಬಿಚ್ಚಿ: ‘ಆ ಹುಡುಗಿ ಇಲ್ಲ. ಹೆದರಿ ಕಟ್ಟಿದ ಕಥೆ ಅದು. ಅದಕ್ಕೆ ಕ್ಷಮಿಸು.’ ಇಲ್ಲಿ ಸುಮಾರು ಜನ ಎಡವುತ್ತಾರೆ. ಮೊದಲು ‘ಅವಳ ಜೊತೆ ಮುರಿದುಬಿತ್ತು’ ಎಂದು ಕಥೆಗೆ ಒಂದು ಕೊನೆ ಹಾಕಿ, ಕೆಲವು ತಿಂಗಳು ಬಿಟ್ಟು ನಿಜ ಹೇಳಲು ಹೊರಡುತ್ತಾರೆ. ಆಗ ಸಮಾಧಾನ ಮಾಡಿದ ಗೆಳೆಯ ಎರಡು ಸಲ ಮೋಸಹೋದಂತಾಗುತ್ತದೆ. ಕ್ಷಮೆ ಕೇಳುವುದು ಸುಳ್ಳಿಗೆ ಮಾತ್ರ, ಗೇ ಆಗಿರುವುದಕ್ಕಲ್ಲ. ಎರಡು ವಾಕ್ಯಗಳನ್ನು ಬೆರೆಸದೆ ಬೇರೆ ಬೇರೆಯಾಗಿ ಹೇಳಿ.

ಮೂರನೆಯದಾಗಿ, ನಿಮಗೇನು ಬೇಕೆಂದು ಹೇಳಿ. ಯಾರಿಗೆ ಗೊತ್ತಿದೆ, ಯಾರಿಗೆ ತಿಳಿಯಬಾರದು, ಹೆಸರು ಹಿಡಿದು ಹೇಳಿ. ಬೇರೆಯವರು ಹುಡುಗಿಯ ವಿಷಯ ಕೇಳಿದರೆ ‘ಅವನನ್ನೇ ಕೇಳಿ’ ಎಂದಷ್ಟೇ ಅನ್ನಲು ಕೇಳಿಕೊಳ್ಳಿ. ನಿಮ್ಮ ಪರವಾಗಿ ಸುಳ್ಳು ಹೇಳುವ ಕೆಲಸ ಅವನ ತಲೆಗೆ ಕಟ್ಟಬೇಡಿ. ಆಮೇಲೆ ಅವನ ಪ್ರಶ್ನೆಗಳು ಬರುತ್ತವೆ. ‘ಖಾತ್ರಿನಾ?’ ಅಂದರೆ, ಹದಿಮೂರು ವರ್ಷದಿಂದ ಗೊತ್ತು ಅನ್ನಿ. ‘ನನ್ನ ಮೇಲೆ ಏನಾದರೂ...’ ಎಂದು ಅರ್ಧಕ್ಕೆ ನಿಲ್ಲಿಸಬಹುದು. ಇಲ್ಲ ಎಂದಾದರೆ ಇಲ್ಲ ಎಂದು ನೇರವಾಗಿ ಹೇಳಿ, ಆ ಪ್ರಶ್ನೆಗೆ ನೊಂದುಕೊಳ್ಳಬೇಡಿ. ಹಾಸಿಗೆಯ ವಿಷಯ ಕೇಳಿದರೆ ಉತ್ತರಿಸುವ ಹಂಗಿಲ್ಲ. ‘ಅದನ್ನು ನಾನು ನಿನ್ನನ್ನು ಕೇಳಿದ್ದೀನಾ?’ ಅಂದರೆ ಸಾಕು.

ಅವನು ಸುಮ್ಮನೆ ಕೂತುಬಿಟ್ಟರೆ ಆ ಮೌನವನ್ನು ತಿರಸ್ಕಾರ ಎಂದು ಓದಬೇಡಿ. ನಿಮಗೆ ಹದಿಮೂರು ವರ್ಷ ಸಿಕ್ಕಿತ್ತು, ಅವನಿಗೆ ಹದಿಮೂರು ನಿಮಿಷವೂ ಆಗಿಲ್ಲ. ಕಥೆ ಕಟ್ಟಿದ್ದಕ್ಕೆ ಸಿಟ್ಟು ಬಂದರೆ ಬರಲಿ, ಅದು ನ್ಯಾಯವಾದ ಸಿಟ್ಟು. ಅವತ್ತೇ ಎಲ್ಲ ಇತ್ಯರ್ಥವಾಗಬೇಕೆಂದು ಹಟ ಹಿಡಿಯದೆ ಎದ್ದು ಬನ್ನಿ. ರಾತ್ರಿ ‘ಏನನ್ನಿಸಿತು?’ ಎಂದು ಮೆಸೇಜು ಹಾಕಬೇಡಿ. ಮೂರು ನಾಲ್ಕು ದಿನ ಬಿಟ್ಟು ನೀವೇ ಫೋನ್ ಮಾಡಿ, ಮೊದಲಿನ ಹಾಗೆ, ಬೇರೆ ಏನಾದರೂ ಮಾತಿಗೆ.